ಬೆಳ್ಳುಳ್ಳಿ ಸಾಕ್ಷಿಯಾಗಿ

ಪ್ರಣಯದೂಟಕ್ಕೆ ಸ್ಪೇನಿನ ಗ್ರಾನಡಾದ ತಪಾಸ್ ಬಾರಿಗೆ ಹೊರಟ ಜೋಡಿಗೆ ಮೊದಲು ಬೇಕಾದದ್ದು ಹಸಿವು ತಡೆಯುವ ಶಕ್ತಿ. ರಾತ್ರಿ 9ಕ್ಕೆ ಮುಂಚೆ ಊಟಕ್ಕೆ ಬಂದವರು ಪ್ರವಾಸಿಗರೆಂದೇ ಆ ದೇಶದಲ್ಲಿ ಲೆಕ್ಕ. ಮೇಣದಬತ್ತಿ, ಮೂಲೆಯ ಮೇಜು? ಮರೆತುಬಿಡಿ. ಹಳೆಯ ಬಾರುಗಳಲ್ಲಿ ಹೆಚ್ಚಿನವರು ನಿಂತೇ ತಿನ್ನುವುದು. ಪಕ್ಕದವನ ಮೊಣಕೈ ನಿಮ್ಮ ಪಕ್ಕೆಯಲ್ಲಿ. ಆ ಗದ್ದಲದಲ್ಲಿ ‘ನೀನಂದ್ರೆ ಪ್ರಾಣ ಕಣೇ’ ಎಂದು ಪಿಸುಗುಟ್ಟಿದರೆ, ‘ಪ್ರಾನ್ ಆಮೇಲೆ ಬರುತ್ತೆ ರೀ’ ಎನ್ನುತ್ತಾಳೆ. ಪ್ರತಿ ಗ್ಲಾಸಿನ ಜೊತೆಗೂ ಒಂದು ತಟ್ಟೆ ತಿಂಡಿ, ಅಂದರೆ ತಪಾಸ್, ಪುಕ್ಕಟೆ ಕೊಡುವುದು ಆ ಊರಿನ ಪದ್ಧತಿ. ಹಾಗಾಗಿ ಹೊಟ್ಟೆ ತುಂಬುವಷ್ಟರಲ್ಲಿ ತಲೆ ತಿರುಗಿರುತ್ತದೆ. ಆಮೇಲೆ ಬರುತ್ತದೆ ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿಯ ಜೊತೆ ಕೊತಕೊತ ಕುದಿಯುವ ಸೀಗಡಿ. ಇದನ್ನು ತಿಂದರೆ ಇಬ್ಬರೂ ತಿನ್ನಬೇಕು, ಇಲ್ಲವೇ ಇಬ್ಬರೂ ಬಿಡಬೇಕು. ಒಬ್ಬರೇ ತಿಂದರೆ ಆ ರಾತ್ರಿ ಪ್ರಣಯವಿಲ್ಲ. ಕೊನೆಗೆ ತಟ್ಟೆಯಲ್ಲಿ ಒಂದೇ ಒಂದು ಸೀಗಡಿ. ‘ನೀವೇ ತಗೊಳ್ಳಿ’ ಎನ್ನುತ್ತಾಳೆ. ತಗೊಂಡು ನೋಡಿ!