ಸೂಜಿಮೊನೆಯಷ್ಟು ಜಗಲಿ

ಹೊನ್ನಾವರ ಸೀಮೆಯಲ್ಲಿ ಮಳೆ ಕಡಿಮೆಯಾದದ್ದುಂಟು, ಅಡಿಕೆಗೆ ಕೊಳೆ ಬಂದದ್ದುಂಟು, ಮಾತಿಗೆ ಬರಗಾಲ ಬಂದದ್ದನ್ನು ಕಂಡವರಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ತಾಲೂಕು ಇದು. ಇಲ್ಲಿ ಕುಣಿಯಲು ಬಾರದವನು ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಾನೆ. ಅರ್ಥ ಹೇಳಲೂ ಬಾರದವನು ಮುಂದಿನ ಸಾಲಿನಲ್ಲಿ ಕುಳಿತು, ಹೇಳಿದವನು ಎಲ್ಲೆಲ್ಲಿ ತಪ್ಪಿದ ಎಂದು ಪಕ್ಕದವನಿಗೆ ಹೇಳುತ್ತಾನೆ. ನಾನು ಕುಣಿಯಲು ಬಾರದವರ ಪೈಕಿ. ಹವ್ಯಾಸಿ ಕೂಟಗಳಲ್ಲಿ ಕೃಷ್ಣ ನನ್ನ ಕಾಯಂ ಪಾತ್ರ. ಭಾಗವತರು ಪದ್ಯ ಮುಗಿಸಿ ತಾಳ ಕೆಳಗಿಟ್ಟು, ಚಾ ಕುಡಿದು, ಕವಳ ಹಾಕಿ, ಹಿತ್ತಲ ಕಡೆ ಹೋಗಿ ಬಂದರೂ ನನ್ನ ಪೀಠಿಕೆ ಇನ್ನೂ ದ್ವಾರಕೆ ಬಿಟ್ಟು ಹೊರಟಿರುವುದಿಲ್ಲ.

ಇಂಥ ವಾಗ್ಮಿಯನ್ನು 2020ರ ಮಾರ್ಚಿನಲ್ಲಿ ಸರ್ಕಾರ ಮನೆಯೊಳಗೆ ಕೂರಿಸಿತು.

ಅದುವರೆಗೆ ನನ್ನ ಮಾತೆಲ್ಲ ಖರ್ಚಾಗುತ್ತಿದ್ದುದು ಹೊರಗೆ. ಬೆಳಿಗ್ಗೆ ಕುಮಟಾ ಬಸ್ಸಿನಲ್ಲಿ ಅರ್ಧ, ಆಫೀಸಿನಲ್ಲಿ ಕಾಲು, ಸಂಜೆ ಅಂಗಡಿ ಕಟ್ಟೆಯ ಮೇಲೆ ಉಳಿದದ್ದು. ಮನೆಗೆ ಮುಟ್ಟುವಾಗ ಚೀಲದ ತಳದಲ್ಲಿ ಎರಡು ಮೂರು ವಾಕ್ಯ ಉಳಿದಿದ್ದರೆ ಹೆಚ್ಚು: "ಊಟಕ್ಕಾತನೇ?", "ಕನ್ನಡಕ ಎಲ್ಲಿಟ್ಟೆ?", "ನಾಳೆ ಬೇಗ ಹೋಗವು." ಇಷ್ಟರಲ್ಲೇ ನನ್ನ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಮಾರ್ಚ್ 22ರ ರವಿವಾರ ಜನತಾ ಕರ್ಫ್ಯೂ ಎಂದರು. ಸಂಜೆ ಐದಕ್ಕೆ ದೇವರ ಕೋಣೆಯ ಜಾಗಟೆ ತಂದು ಅಂಗಳದಲ್ಲಿ ನಿಂತು ಬಾರಿಸಿದೆ. ಕೊಟ್ಟಿಗೆಯಲ್ಲಿದ್ದ ಆಕಳು ಹಗ್ಗ ಹರಿದುಕೊಂಡು ತೋಟಕ್ಕೆ ಓಡಿತು. ಕರ್ಫ್ಯೂ ಮುರಿದ ಮೊದಲ ಆರೋಪಿ ನಮ್ಮ ಮನೆಯದೇ. 24ರ ರಾತ್ರಿ ಪ್ರಧಾನಿಯವರು ಟಿವಿಯಲ್ಲಿ ಬಂದು 21 ದಿನ ಹೊಸಿಲು ದಾಟಬೇಡಿ, ಬಾಗಿಲಲ್ಲಿ ಲಕ್ಷ್ಮಣರೇಖೆ ಇದೆಯೆಂದು ತಿಳಿಯಿರಿ ಎಂದರು. ಮರುದಿನ ಯುಗಾದಿ. ಬೇವು ಬೆಲ್ಲ ತಿಂದು, ಶಾರ್ವರಿ ಸಂವತ್ಸರದ ಪಂಚಾಂಗ ತೆರೆದು ನೋಡಿದರೆ ನನ್ನ ರಾಶಿಗೆ ದೂರ ಪ್ರಯಾಣದ ಯೋಗವಿತ್ತು.

ಲಕ್ಷ್ಮಣರೇಖೆಯ ಮಾತು ಮಾತ್ರ ಆಯಿಯ ತಲೆಯಲ್ಲಿ ರಾತ್ರಿಯೆಲ್ಲ ಕೊರೆದಿರಬೇಕು. ಬೆಳಿಗ್ಗೆ ತೂಗುಮಂಚದ ಮೇಲಿಂದ ನನ್ನನ್ನೇ ನೋಡುತ್ತ ಕೇಳಿದಳು: "ತಮಾ, ಲಕ್ಷ್ಮಣ ಗೆರೆ ಎಳದು ತಾನು ಹೊರಗೆ ಹೋದ ಅಲ್ದನಾ? ನೀನು ಎಂತಕ್ಕೆ ಒಳಗೆ ಕೂತ್ಗಂಡಿದ್ದೆ?"

ತಾಳಮದ್ದಲೆಯಲ್ಲಿ ಇಂಥ ಪ್ರಶ್ನೆ ಬಂದರೆ ನಾನು ಕಾಲು ಗಂಟೆ ಉತ್ತರಿಸುತ್ತಿದ್ದೆ. ಮನೆಯಲ್ಲಿ ಭಾಗವತರಿರಲಿಲ್ಲ, ಪದ್ಯವಿರಲಿಲ್ಲ, ಮೇಲಾಗಿ ಪ್ರಶ್ನೆ ಸರಿಯಾಗಿತ್ತು.

ಒಳಗೆ ಕೂರುವುದು ಅಂದುಕೊಂಡಷ್ಟು ಸುಲಭವಲ್ಲ. ಕೂರಲು ಜಾಗ ಬೇಕು. ತೂಗುಮಂಚ ಆಯಿಯದು. ನಡುಮನೆಯಲ್ಲಿ ಮಗಳ ಪುಸ್ತಕ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿತ್ತು. ಓದಿದ್ದು ಮರೆಯದಂತೆ, ಮರೆತದ್ದು ಗೊತ್ತಾಗದಂತೆ ಅವಳು ಅಲ್ಲಿ ಠಿಕಾಣಿ ಹೂಡಿದ್ದಳು. ಮೆತ್ತಿನ ಮೇಲೆ ದರ ಏರಲೆಂದು ಕಾಯುತ್ತಿದ್ದ ಚಾಲಿ ಅಡಿಕೆ ಮೂಟೆಗಳು. ಅಡುಗೆ ಮನೆಗೆ ಕಾಲಿಟ್ಟರೆ, ಬಂದದ್ದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೈಗೆ ತೆಂಗಿನಕಾಯಿ ಮತ್ತು ಹೆರೆಮಣೆ ಕೊಡುತ್ತಾರೆ. ಜಗಲಿ ಮಾತ್ರ ನನ್ನದು ಎಂದು ನಂಬಿದ್ದೆ. ಅಲ್ಲಿ ಚಾಪೆ ಹಾಸಿ, ಚಾಪೆಯ ಮೇಲೆ ಹಳೆಯ ಸೀರೆ ಹಾಸಿ, ಸೀರೆಯ ತುಂಬ ಹಲಸಿನಕಾಯಿ ಹಪ್ಪಳ ಹರವಿದ್ದರು.

ನಾನು ಕೃಷ್ಣಸಂಧಾನದ ಧಾಟಿಯಲ್ಲೇ ಹೊರಟೆ. ಪಾಂಡವರಿಗೆ ಐದು ಊರು ಸಾಕೆಂದು ಕೃಷ್ಣ ಕೇಳಲಿಲ್ಲವೇ, ನನಗೆ ಐದು ಅಡಿ ಸಾಕು, ಕಂಬದ ಬುಡದಲ್ಲಿ ಎಂದೆ. ನಮ್ಮನೆಯವಳು ಹಪ್ಪಳ ಮಗುಚುತ್ತಿದ್ದಳು. ತಲೆ ಎತ್ತಲಿಲ್ಲ.

"ಸೂಜಿಮೊನೆಯಷ್ಟೂ ಇಲ್ಲೆ. ಯುದ್ಧ ಬೇಕಾದ್ರೆ ಹೇಳಿ, ಒತ್ತು ಮಣೆ ಇಲ್ಲೇ ಇದ್ದು."

ಮದುವೆಯಾದಾಗಿನಿಂದ ನನ್ನ ಅಭ್ಯಾಸ ಕೇಳಿ ಕೇಳಿ ಇವಳಿಗೆ ಕೌರವನ ಮಾತೆಲ್ಲ ಬಾಯಿಪಾಠವಾಗಿದೆ ಎಂದು ನನಗೆ ಗೊತ್ತಾದದ್ದೇ ಆಗ.

ಸಂಧಿಯ ಷರತ್ತಿನಂತೆ ನನಗೆ ಜಗಲಿಯ ಮೆಟ್ಟಿಲು ಸಿಕ್ಕಿತು, ಜೊತೆಗೆ ಒಂದು ಅಡಿಕೆ ದಬ್ಬೆ, ಕಾಗೆ ಓಡಿಸಲು. ಹಪ್ಪಳದ ಹಂಗಾಮು ಎಂದರೆ ಏನೆಂದು ಅಲ್ಲಿ ಕುಳಿತು ನೋಡಿದೆ. ಬೆಳೆದ ಹಲಸಿನಕಾಯಿ ಕೊಚ್ಚಿ, ಮೇಣಕ್ಕೆ ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಬೇಕು. ಬೇಳೆ ಬೇರೆ, ತೊಳೆ ಬೇರೆ. ತೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿ ಕುಟ್ಟಬೇಕು. ಆರಿದರೆ ಅದು ಒನಕೆಯ ಮಾತು ಕೇಳುವುದಿಲ್ಲ. ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒಮ್ಮೆ ಒತ್ತಬೇಕು. ಎರಡು ಸಲ ಒತ್ತಿದರೆ ಅಂಚು ಸೀಳುತ್ತದೆ. ಹೀಗೆ ಒತ್ತುತ್ತ ಅತ್ತೆ, ಸೊಸೆ, ಮೊಮ್ಮಗಳು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಾಡುತ್ತಿದ್ದರು. ಯಾರ ಮನೆಯ ಬಾಣಂತನ ಲಾಕ್‌ಡೌನಿನಲ್ಲಿ ಸಿಕ್ಕಿಬಿತ್ತು, ಯಾರ ಮದುವೆಗೆ ಜನ ಸಾಲದೆ ಭಟ್ಟರೇ ಕನ್ಯೆಯ ಸೋದರಮಾವನಾದರು, ಬೆಂಗಳೂರಿಂದ ಬಂದ ಯಾವ ಮಾಣಿ ಕೊಟ್ಟಿಗೆಯ ಮೆತ್ತಿನಲ್ಲಿ ಹದಿನಾಲ್ಕು ದಿನ ಮಲಗಿದ. ಮನೆಯಲ್ಲಿ ಮಾತಿಲ್ಲವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮಾತು ಬೇಕಾದಷ್ಟಿತ್ತು, ಆ ಪ್ರಸಂಗದಲ್ಲಿ ನನಗೆ ಪಾತ್ರವಿರಲಿಲ್ಲ. ಒಮ್ಮೆ ನಡುವೆ ಬಾಯಿ ಹಾಕಿ ಜಾಗತಿಕ ಆರ್ಥಿಕತೆಯ ಬಗ್ಗೆ ಏನೋ ಹೇಳಲು ಹೊರಟೆ.

"ಅಪ್ಪಾ, ಕಾಗೆ," ಎಂದಳು ಮಗಳು.

ಉಳಿದ ಪ್ರಪಂಚ ಫೋನಿನಲ್ಲಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ಜಗಲಿಯ ಅದೇ ಕಂಬದ ಬುಡದಲ್ಲಿ. ಹಾಗಾಗಿ ಹಪ್ಪಳ ದಾಟಿ ಒಂಟಿ ಕಾಲಿನಲ್ಲಿ ನಿಂತು ಮಾತಾಡಬೇಕು. ಮೊದಲು ಕೆಮ್ಮಿನ ಸದ್ದು, ಆಮೇಲೆ ಕೈ ತೊಳೆಯುವ ಉಪದೇಶ, ಅದೆಲ್ಲ ಮುಗಿದ ಮೇಲೆ ಭಟ್ಕಳ. ನಮ್ಮನೆಯವಳ ತವರು ಅಲ್ಲಿ. ಜಿಲ್ಲೆಯ ಮೊದಲ ಕೊರೊನಾ ಪ್ರಕರಣಗಳು ದುಬೈನಿಂದ ಭಟ್ಕಳಕ್ಕೆ ಮರಳಿದವರಲ್ಲಿ ಕಂಡು, ರೋಗಿಗಳನ್ನು ಕಾರವಾರದ ನೌಕಾನೆಲೆಯ ಪತಂಜಲಿ ಆಸ್ಪತ್ರೆಗೆ ಒಯ್ದಿದ್ದರು. ನಮಗೆಲ್ಲ ಬಾಗಿಲಿಗೆ ಅಗುಳಿಯಾದರೆ ಭಟ್ಕಳಕ್ಕೆ ಅಗುಳಿಯ ಮೇಲೆ ಬೀಗ. ದಿನಸಿ, ಹಾಲು ಎಲ್ಲ ಮನೆ ಬಾಗಿಲಿಗೇ. ಆದರೂ ಭಾವ ನನಗಿಂತ ಸುಖಿ. ಅವನದು ತಾರಸಿ ಮನೆ. ಕಾಂಪೌಂಡಿನ ಆಚೆ ನವಾಯತರ ಮನೆ, ಅವರದೂ ತಾರಸಿ. ಸಂಜೆಯಾದರೆ ಇಬ್ಬರು ಯಜಮಾನರೂ ಮೇಲೆ ಹತ್ತಿ, ಎರಡು ಗೋಡೆಯಷ್ಟು ದೂರದಿಂದ ದುಬೈ ವಿಮಾನದ ಸುದ್ದಿ, ಬಂಗಡೆ ಸಿಗದ ದುಃಖ, ಅಡಿಕೆ ದರ ಎಲ್ಲ ಮಾತಾಡುತ್ತಿದ್ದರು. ಭಾವ ಬಂಗಡೆ ತಿನ್ನುವವನಲ್ಲ, ಆದರೂ ದುಃಖಪಡುತ್ತಿದ್ದ. ನಮ್ಮದು ಹಂಚಿನ ಮನೆ. ಘಟ್ಟದ ಕಡೆ ಮಂಗನ ಕಾಯಿಲೆಯ ಭಯವೂ ಇದ್ದ ವರ್ಷ ಅದು. ನಾನು ಸೂರು ಹತ್ತಿದ್ದರೆ ಆರೋಗ್ಯ ಇಲಾಖೆಗೆ ಯಾರಾದರೂ ಫೋನ್ ಮಾಡುತ್ತಿದ್ದರು.

ಕುಮಟೆಯಿಂದ ತಂಗಿಯ ಫೋನ್. ಅಳ್ವೇಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿಗೆ ಆ ವರ್ಷ ಗಿರಾಕಿಗಳಿಲ್ಲ. ಗೋಕರ್ಣಕ್ಕೆ ಹೋಗುವ ಕಾರುಗಳೇ ಇಲ್ಲದ ಮೇಲೆ ನಿಲ್ಲಿಸಿ ಕೊಳ್ಳುವವರು ಯಾರು? ಕಷ್ಟ ನೋಡಲಾರದೆ ಕೊಂಡೆ ಎಂದು ಹಾಲಿನ ಗಾಡಿಯಲ್ಲಿ ನಮಗೂ ಎರಡು ಜಡೆ ಕಳಿಸಿದ್ದಳು. ಅದನ್ನು ಹೇಳಿ ದನಿ ತಗ್ಗಿಸಿದಳು.

"ಅಣ್ಣಾ, ಅತ್ತಿಗೆಗೆ ಭಟ್ಕಳದಿಂದ ಫೋನ್ ಬತ್ತನಾ?"

"ದಿನಾ ಬತ್ತು."

"ಸ್ವಲ್ಪ ದೂರ ಹಿಡ್ಕಂಡು ಮಾತಾಡಲೆ ಹೇಳು."

ಸ್ಪೀಕರ್ ಆನ್ ಇತ್ತು. ಅತ್ತಿಗೆ ಒಳಗಿನಿಂದಲೇ ಉತ್ತರ ಕೊಟ್ಟಳು: "ಕೊರೊನಾ ಕುಮಟೆಗೆ ಬಪ್ಪಲೆ ಭಟ್ಕಳದ ಬಸ್ಸೇ ಹಿಡಿಯವು ಹೇಳಿ ಕಾನೂನು ಇದ್ದಾ?" ತಂಗಿಯ ಕಡೆ ಸಿಗ್ನಲ್ ಹೋಯಿತು.

ಬಂದ ಈರುಳ್ಳಿ ಮನೆಯ ಒಳಗೇ ಗಡಿ ಎಳೆಯಿತು. ಆಯಿ ಈರುಳ್ಳಿ ತಿನ್ನುವವಳಲ್ಲ, ತಿಂದವರನ್ನು ದೇವರ ಕೋಣೆಯ ಹತ್ತಿರ ಬಿಡುವವಳೂ ಅಲ್ಲ. ಎಲ್ಲರೂ ಮೂರಡಿ ದೂರ ನಿಲ್ಲಿ ಎಂದು ಟಿವಿ ಹೇಳತೊಡಗಿದ ದಿನದಿಂದ ಅವಳಿಗೆ ಹೊಸ ಹುರುಪು ಬಂದಿತ್ತು. "ಮುಟ್ಟಡ, ಮುಟ್ಟಡ ಹೇಳಿ ಯಾನು ಮೊದಲಿಂದ ಹೇಳ್ತಾ ಇದ್ದಿದ್ನಿಲ್ಯಾ?" ಎಂದು ಗೆದ್ದವಳಂತೆ ನಕ್ಕಳು. ಮಗಳು ಬಿಡಲಿಲ್ಲ. "ಅಜ್ಜಿ, ನಿನ್ನ ಮಡಿ ಯಾರು ಹೇಳಿ ನೋಡ್ತು. ಕೊರೊನಾ ನೋಡ್ತಿಲ್ಲೆ." ಆಯಿ ತೂಗುಮಂಚವನ್ನು ಸ್ವಲ್ಪ ಜೋರಾಗಿ ತೂಗಿಕೊಂಡಳು, ಅಷ್ಟೇ. ಮೇ ತಿಂಗಳಿಗೆ ಕೇಂದ್ರ ಸರ್ಕಾರ ಜಿಲ್ಲೆಗಳಿಗೆ ಕೆಂಪು, ಕಿತ್ತಳೆ, ಹಸಿರು ಬಣ್ಣ ಹಚ್ಚಿ ಉತ್ತರ ಕನ್ನಡವನ್ನು ಕಿತ್ತಳೆಗೆ ಸೇರಿಸಿದಾಗ ನಮ್ಮ ಮನೆಯೂ ವಲಯವಾಯಿತು. ದೇವರ ಕೋಣೆ ಹಸಿರು, ಈರುಳ್ಳಿ ತೂಗುವ ಹಿತ್ತಲ ಕಡೆ ಕೆಂಪು. ನಾನು ಎಲ್ಲಿ ಹೋದರೆ ಅದು ಕಿತ್ತಳೆ.

ಇಷ್ಟಾದರೂ ತಡೆದುಕೊಂಡೇನು. ತಡೆಯಲಾಗದ್ದು ಕವಳ. ಎಲೆ ತೋಟದ್ದು, ಅಡಿಕೆ ಮೆತ್ತಿನದು, ಸುಣ್ಣ ಡಬ್ಬಿಯಲ್ಲಿತ್ತು. ತಂಬಾಕು ಮಾತ್ರ ಅಂಗಡಿಯದು, ಅಂಗಡಿ ಬಂದ್. ತಂಬಾಕಿಲ್ಲದ ಕವಳವೆಂದರೆ ಚಂಡೆಯಿಲ್ಲದ ಯುದ್ಧ. ಉಳಿದ ಎಸಳನ್ನು ನಾನು ಹರಿದು ಹರಿದು, ಕೊನೆಗೆ ಡಬ್ಬಿಯ ಮೂಲೆ ಕೊಡವಿ ಹಾಕುತ್ತಿದ್ದೆ. ಅದೇ ಹೊತ್ತಿಗೆ ಏಪ್ರಿಲ್ ಮಧ್ಯದಲ್ಲಿ ಇನ್ನೊಂದು ಆದೇಶ: ಹೊರಗೆ ಬಂದರೆ ಮಾಸ್ಕ್ ಕಡ್ಡಾಯ, ಸಾರ್ವಜನಿಕ ಜಾಗದಲ್ಲಿ ಉಗುಳಿದರೆ ದಂಡ. ಕವಳ ಹಾಕುವವನನ್ನೇ ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು.

ಒಂದು ಬೆಳಿಗ್ಗೆ ದಿನಸಿಗೆಂದು ಹೊನ್ನಾವರ ಪೇಟೆಗೆ ಹೊರಟೆ. ಮೂಗಿಗೆ ನಮ್ಮನೆಯವಳು ರವಿಕೆ ಕಣದಲ್ಲಿ ಹೊಲಿದ ಮಾಸ್ಕ್, ಬಾಯಿ ತುಂಬ ಕವಳ. ಶರಾವತಿ ಸರ್ಕಲ್ಲಿನಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು.

"ಎಲ್ಲಿಗೆ?"

ಉತ್ತರ ಗೊತ್ತಿತ್ತು. ಆದರೆ ಬಾಯಿ ತೆರೆಯುವ ಹಾಗಿರಲಿಲ್ಲ. ಉಗುಳಿದರೆ ದಂಡ, ನುಂಗಿದರೆ ತಲೆ ತಿರುಗಿ ಅಲ್ಲೇ ಬೀಳುತ್ತೇನೆ. ಬಿದ್ದರೆ ನೇರ ಆಂಬುಲೆನ್ಸು. ನಾನು ಚೀಲ ಎತ್ತಿ ತೋರಿಸಿದೆ, ಹೊಟ್ಟೆ ಮುಟ್ಟಿಕೊಂಡೆ, ಅಂಗಡಿಯ ದಿಕ್ಕಿಗೆ ಬೆರಳು ಮಾಡಿದೆ. "ಊಂ, ಊಂ," ಎಂದೆ. ಕೃಷ್ಣನಿಗಾಗಿ ವರ್ಷಗಟ್ಟಲೆ ಬೆಳೆಸಿದ ಕಂಠದಿಂದ ಹೊರಟದ್ದು ಅದಿಷ್ಟೇ. ಪೊಲೀಸರ ಮುಖ ಮೆತ್ತಗಾಯಿತು. ಒಬ್ಬರು ಇನ್ನೊಬ್ಬರಿಗೆ ಹೇಳಿದರು: "ಪಾಪ, ಮಾತು ಬರೂದಿಲ್ಲ ಕಾಣ್ತದೆ. ಬಿಡಿ, ಹೋಗ್ಲಿ."

ಮನೆಗೆ ಬಂದು ಇದನ್ನು ಹೇಳಬಾರದಿತ್ತು ಎಂದು ಈಗ ಅನ್ನಿಸುವುದಿಲ್ಲ. ಹೇಳದಿದ್ದರೂ ಮಾಸ್ಕಿನ ಒಳಮೈ ಕೆಂಪಗಾಗಿ ಎಲ್ಲ ಹೇಳುತ್ತಿತ್ತು. ನಮ್ಮನೆಯವಳು ಹಪ್ಪಳ ದಾಟಿ ಕಂಬದ ಬುಡಕ್ಕೆ ಹಾರಿದಳು. ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಸುದ್ದಿ ಭಟ್ಕಳದ ಎರಡು ತಾರಸಿ ಏರಿ, ಕುಮಟೆಯ ತಂಗಿಯ ಮನೆ ಮುಟ್ಟಿತ್ತು. ಈ ಸಲ ತಂಗಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳಂತೆ.

ಜೂನಿನ ಮೊದಲ ಮಳೆಗೆ ಹಪ್ಪಳ ಡಬ್ಬಿ ಸೇರಿ ಜಗಲಿ ಖಾಲಿಯಾಯಿತು. ಆದರೆ ಕಂಬದ ಬುಡ ಮಗಳ ವಶಕ್ಕೆ ಹೋಯಿತು. ಅವಳ ಮೇಷ್ಟ್ರುಗಳೆಲ್ಲ ವಾಟ್ಸಾಪಿನೊಳಗಿದ್ದರು. ಜೂನ್ 25ಕ್ಕೆ ಶುರುವಾದ ಪರೀಕ್ಷೆ ಮುಗಿದು ಅವಳು ಪುಸ್ತಕ ಮಡಚಿದ ಮೇಲೆಯೇ ನನಗೆ ಜಾಗ ಬಿಟ್ಟುಕೊಟ್ಟಳು. ಅಷ್ಟರಲ್ಲಿ ತಾಳಮದ್ದಲೆಯೂ ಆನ್‌ಲೈನ್ ಆಗಿತ್ತು. ನಮ್ಮ ಕೂಟದವರೂ ಧೈರ್ಯ ಮಾಡಿದರು. ಭಾಗವತರು ಕುಮಟೆಯಲ್ಲಿ, ಕೌರವ ಭಟ್ಕಳದಲ್ಲಿ, ಕೃಷ್ಣ ನಮ್ಮ ಜಗಲಿಯಲ್ಲಿ. ಪ್ರಸಂಗ ಕೃಷ್ಣಸಂಧಾನವೇ.

ಪೀಠಿಕೆ ಅಮೋಘವಾಗಿ ಹೋಯಿತು. ಚಾ ಕುಡಿಯಲು ಎದ್ದ ಭಾಗವತರು ಪರದೆಯಿಂದಲೇ ಮಾಯವಾಗಿ ಮತ್ತೆ ಬಂದರು. ಐದು ಊರು ಕೊಡು ಎಂದು ನಾನು ಮುಗಿಸಿದೆ. ಕೌರವ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಟ್ಟ. ಭಟ್ಕಳದಲ್ಲಿ ಮಳೆ, ಕರೆಂಟಿಲ್ಲ. ನಾನು ಏನು ಮಾಡಲಿ ಎಂದು ತೋಚದೆ ಮತ್ತೊಮ್ಮೆ ಐದು ಊರು ಕೇಳಿದೆ. ಹಿಂದೆ ಹಲಸಿನ ಬೇಳೆ ಸುಲಿಯುತ್ತ ಕುಳಿತಿದ್ದ ನಮ್ಮನೆಯವಳಿಗೆ ಸಹನೆ ಮೀರಿತು.

"ಕೇಳಿದ್ದನ್ನೇ ಎಷ್ಟು ಸಲ ಕೇಳ್ತೆ, ಕೃಷ್ಣಾ? ರಾಜ್ಯವನ್ನು ಜೂಜಿನಲ್ಲಿ ಕಳೆದುಕೊಂಡವರು ಅವರು. ಹನ್ನೆರಡು ವರ್ಷ ಕಾಡಿನಲ್ಲಿ ಅಡುಗೆ ಮಾಡಿ ಬಡಿಸಿದವಳು ದ್ರೌಪದಿ. ಐದು ಊರು ಕೊಡುವುದಿದ್ದರೆ ಅವಳ ಹೆಸರಿಗೆ ಬರೆಸಿ ಕೊಡುತ್ತೇನೆ, ಆ ಐವರ ಹೆಸರಿಗೆ ಸೂಜಿಮೊನೆಯಷ್ಟೂ ಇಲ್ಲ. ಒಪ್ಪಿಗೆಯೇ?"

ಇಂಥ ಕೌರವನನ್ನು ಯಾವ ಕೃಷ್ಣನೂ ಎದುರಿಸಿರಲಿಕ್ಕಿಲ್ಲ. ಒಪ್ಪಿದರೆ ಯುದ್ಧವಿಲ್ಲ, ಪ್ರಸಂಗವೇ ಮುಗಿಯುತ್ತದೆ. ಒಪ್ಪದಿದ್ದರೆ ರಾತ್ರಿ ಊಟವಿಲ್ಲ. ನಾನು "ಊಂ, ಊಂ," ಎನ್ನುತ್ತಿರುವಾಗಲೇ ಭಾಗವತರು "ಭಲೆ!" ಎಂದು ಮುಂದಿನ ಪದ್ಯ ಎತ್ತಿಕೊಂಡರು.

ಮರುದಿನ ಅವರ ಫೋನ್ ಬಂತು. ನಾನೇ ಎತ್ತಿದೆ. ಕುಶಲ ಕೇಳಿ, "ಮನೆಯವರಿಗೆ ಕೊಡಿ," ಎಂದರು. ಮುಂದಿನ ಕೂಟ ಭೀಷ್ಮವಿಜಯ. ಅಂಬೆ ಅವಳೇ ಆಗಬೇಕಂತೆ. ಭೀಷ್ಮನಿಗೆ ಸಿದ್ದಾಪುರದ ಕಡೆಯಿಂದ ಗಟ್ಟಿ ಜನ ಹುಡುಕುತ್ತಿದ್ದಾರಂತೆ. ನನ್ನನ್ನೂ ಅವರು ಮರೆತಿಲ್ಲ. ಕಂಬದ ಬುಡದಲ್ಲಿ ಅಲುಗಾಡದಂತೆ ಫೋನ್ ಹಿಡಿದು ನಿಲ್ಲುವವರು ಒಬ್ಬರು ಬೇಕಲ್ಲ. ಬಾಯಲ್ಲಿ ಕವಳವಿದ್ದರೂ ಅಡ್ಡಿಲ್ಲವಂತೆ.