ಹತ್ತನೇ ಇಯತ್ತೆಯ ಅಪ್ಪ

ಪುಣೆ ಪಕ್ಕದ ಚಿಂಚವಾಡದ ನಮ್ಮ ಸೊಸೈಟಿಯಲ್ಲಿ ಯಾರೂ ‘ಮಗಳು ಹತ್ತನೇ ಇಯತ್ತೆಯಲ್ಲಿದ್ದಾಳೆ’ ಎನ್ನುವುದಿಲ್ಲ. ‘ಯಂದಾ ಆಮಚ್ಯಾಕಡೇ ದಹಾವೀ ಆಹೇ’ ಎನ್ನುತ್ತಾರೆ. ಈ ವರ್ಷ ನಮ್ಮಲ್ಲಿ ಹತ್ತನೇದು ಇದೆ. ಬಾಣಂತನ ಇದೆ, ಸೂತಕ ಇದೆ ಎಂದಹಾಗೆ. ಕೇಳಿದವರು ಕೂಡಲೇ ದನಿ ತಗ್ಗಿಸುತ್ತಾರೆ, ಚಪ್ಪಲಿಯನ್ನು ಸದ್ದಾಗದಂತೆ ಬಿಡುತ್ತಾರೆ, ಚಹಾ ಬೇಡವೆಂದು ಎದ್ದು ಹೋಗುತ್ತಾರೆ. ಹೋಗುವಾಗ ಮಾತ್ರ ‘ಕ್ಲಾಸ್ ಕುಠಲಾ ಲಾವಲಾ?’ ಎಂದು ಒಂದು ಕಲ್ಲು ಒಗೆದೇ ಹೋಗುತ್ತಾರೆ. ಯಾವ ಟ್ಯೂಷನ್ನಿಗೆ ಹಾಕಿದಿರಿ ಎಂದರ್ಥ. ಹಾಕಿಲ್ಲ ಎಂದರೆ ಹುಡುಗಿಗೆ ಪೋಲಿಯೋ ಹನಿಯನ್ನೇ ಹಾಕಿಸಿಲ್ಲವೇನೋ ಎಂಬಂತೆ ನೋಡುತ್ತಾರೆ.

ಹಾಕಿರಲಿಲ್ಲ. ಮಗಳು ಬೇಡವೆಂದಳು. ಫೀ ಎಷ್ಟೆಂದು ಕೇಳಿದ ಮೇಲೆ ನನಗೂ ಅವಳ ಮಾತಿನಲ್ಲಿ ತಥ್ಯ ಕಂಡಿತು. ಮನೆಯಲ್ಲೇ ಅಪ್ಪ ಅಭ್ಯಾಸ ಮಾಡಿಸುವುದೆಂದು ಠರಾವಾಯಿತು. ಠರಾವು ಮಂಡಿಸಿದವನೂ ನಾನೇ, ಅನುಮೋದಿಸಿದವನೂ ನಾನೇ. ಸಭೆಯಲ್ಲಿ ಉಳಿದಿಬ್ಬರು ಊಟ ಮಾಡುತ್ತಿದ್ದರು.

ಅಭ್ಯಾಸ ಮಾಡಿಸುವುದೆಂದರೆ ನನಗೆ ನೆನಪಾಗುವುದು ನನ್ನ ಅಪ್ಪ. ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಅವನು ಕಟ್ಟೆಯ ಮೇಲೆ ಕೂತಿರುತ್ತಿದ್ದ, ನಾನು ಒಳಗೆ ಕಂದೀಲಿನ ಮುಂದೆ ಗಟ್ಟಿಯಾಗಿ ಓದಬೇಕು. ಅವನಿಗೆ ಅಕ್ಷರ ಬಾರದು. ದನಿ ನಿಂತರೆ ಒಂದು ಸಲ ಕೆಮ್ಮುತ್ತಿದ್ದ, ಅಷ್ಟೇ. ಆ ಕೆಮ್ಮಿಗೆ ನಾನು ಮತ್ತೆ ಬಾಯಿ ತೆರೆಯುತ್ತಿದ್ದೆ. ಒಮ್ಮೆ ಬೇಸರ ಬಂದು, ಪುಸ್ತಕಕ್ಕೆ ರಟ್ಟು ಹಾಕಿದ್ದ ಪೇಪರಿನಲ್ಲಿದ್ದ ಸಿದ್ಧೇಶ್ವರ ಜಾತ್ರೆಯ ದನಗಳ ಪೇಟೆಯ ವರದಿಯನ್ನೇ ಅರ್ಧ ತಾಸು ರಾಗವಾಗಿ ಓದಿದೆ. ಊಟಕ್ಕೆ ಕೂತಾಗ ಅಪ್ಪ ಹೇಳಿದ: ‘ಇವತ್ತಿನ ಪಾಠ ಭಾಳ ಚಲೋ ಇತ್ತು. ನಾಳೆ ಮತ್ತ ಅದನ್ನ ಓದು, ಹೋರಿ ಕಿಮ್ಮತ್ತು ಸರಿ ಕೇಳಸಲಿಲ್ಲ.’

ನಾನು ಓದಿದವನು. ಬರೀ ಕೆಮ್ಮಿ ಕೂತರೆ ನಡೆದೀತೆ? ಮೇಲಾಗಿ ನನಗೆ ಸಮಯವೂ ಇತ್ತು. ದೇಶವೆಲ್ಲ ರವಿವಾರ ಮಲಗಿದರೆ ನಮ್ಮ ಭೋಸರಿ ಎಂಐಡಿಸಿ ಗುರುವಾರ ಮಲಗುತ್ತದೆ. ಅಂದು ಕಾರಖಾನೆಗೆ ಸುಟಿ. ವಾರಕ್ಕೊಂದು ಇಡೀ ದಿನ, ಮಗಳು ಸಾಲೆಯಿಂದ ಬಂದು ಚೀಲ ಇಳಿಸುವುದರೊಳಗೆ ನಾನು ತಯಾರಾಗಿ ನಿಂತಿರುತ್ತಿದ್ದೆ.

ಕಾರಖಾನೆಯಲ್ಲಿ ನಾನು ಹುಡುಗರಿಗೆ ಫೈವ್ ಎಸ್ ಕಲಿಸುವವ. ಜಪಾನಿನಿಂದ ಬಂದ ಐದು ಮಾತು: ಬೇಡದ್ದನ್ನು ತೆಗೆ, ಬೇಕಾದ್ದನ್ನು ಜಾಗದಲ್ಲಿಡು, ಸ್ವಚ್ಛ ಮಾಡು, ಅದನ್ನೇ ನಿಯಮ ಮಾಡು, ನಿಯಮ ಬಿಡಬೇಡ. ಮೊದಲನೆಯದರ ಜಪಾನಿ ಹೆಸರು ಸೇರಿ. ನಮ್ಮ ಶಾಪ್ ಫ್ಲೋರಿನಲ್ಲಿ ಅದು ಎಂದೋ ‘ಸೀರಿ’ ಆಗಿದೆ. ಮಗಳ ಟೇಬಲ್ಲಿನಿಂದ ಸೀರಿ ಶುರು ಮಾಡೋಣ ಎಂದೆ. ಅಡಿಗೆಮನೆಯಿಂದ ನಮ್ಮಾಕಿ ತಲೆ ಹೊರಹಾಕಿದಳು. ‘ಹತ್ತು ವರ್ಷ ಆತು, ಸೀರಿ ಸೀರಿ ಅಂತೀರಿ. ಮನಿಗೆ ಒಂದರ ಬಂದೈತೇನ್ರಿ?’

ಟೇಬಲ್ಲಿನ ಸುತ್ತ ನೆಲಕ್ಕೆ ಹಳದಿ ಟೇಪು ಹಚ್ಚಿದೆ, ಮಷಿನ್ನಿನ ಸುತ್ತ ಹಚ್ಚುವಂತೆ. ಥರ್ಮೋಕೋಲಿನ ಹಲಗೆಯ ಮೇಲೆ ಕಂಪಾಸು, ಸ್ಕೇಲು, ಪೆನ್ನು, ರಬ್ಬರು ಎಲ್ಲದರ ಆಕಾರ ಕೊರೆದು ಗೋಡೆಗೆ ತೂಗುಹಾಕಿದೆ. ಯಾವುದು ಜಾಗದಲ್ಲಿಲ್ಲವೋ ಅದರ ಖಾಲಿ ನೆರಳು ಕಣ್ಣಿಗೆ ಹೊಡೆಯಬೇಕು, ಅದು ತತ್ವ. ಮಗಳು ಬಹಳ ಹೊತ್ತು ನೋಡಿದಳು. ‘ಅಪ್ಪಾ, ರಬ್ಬರ್ ದಿನಾ ಸಣ್ಣದಾಗ್ತೈತಿ. ನೀ ದಿನಾ ಹೊಸಾದು ಕೊರೀತಿ ಏನು?’ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾವ ಆಡಿಟರನೂ ಕೇಳದ ಪ್ರಶ್ನೆ.

ಆಮೇಲೆ ಕೆಂಪು ಚೀಟಿ. ಕಾರಖಾನೆಯಲ್ಲಿ ಬೇಡದ ಸಾಮಾನಿಗೆ ಕೆಂಪು ಚೀಟಿ ಕಟ್ಟಿ, ಮೂವತ್ತು ದಿನದಲ್ಲಿ ತೆಗೆಯಬೇಕೆಂದು ಬರೆಯುತ್ತೇವೆ. ಅವಳ ಚಿತ್ರದ ವಹಿ, ಬಣ್ಣದ ಡಬ್ಬಿ, ಕಿಟಕಿಯಲ್ಲಿದ್ದ ಒಂದು ಕಳ್ಳಿಗಿಡ, ಎಲ್ಲಕ್ಕೂ ಕಟ್ಟಿದೆ. ಅವಳು ಚಕಾರ ಎತ್ತಲಿಲ್ಲ. ಸಂಜೆ ನಾನು ಹಾಲು ತರಲು ಹೋದಾಗ ಚಾಪೇಕರ್ ಚೌಕದವರೆಗೂ ಜನ ನನ್ನ ಬೆನ್ನು ನೋಡಿ ನಗುತ್ತಿದ್ದರು. ಅಂಗಿ ಬಿಚ್ಚಿದಾಗ ಗೊತ್ತಾಯಿತು: ‘ಅನಾವಶ್ಯಕ ವಸ್ತು. ಕೋಣೆಯಿಂದ ತೆಗೆಯತಕ್ಕದ್ದು.’ ಕನ್ನಡ ಅಕ್ಷರ ದುಂಡಗಿದ್ದವು. ಕನ್ನಡ ಬರೆಯುವುದನ್ನು ಅವಳಿಗೆ ಮನೆಯಲ್ಲಿ ಕಲಿಸಿದವನು ನಾನೇ ಎಂಬ ಅಭಿಮಾನ ಅಂಥ ಹೊತ್ತಿನಲ್ಲೂ ಸುಳಿದುಹೋಯಿತು.

ವೇಳಾಪತ್ರಿಕೆಯ ವಿಷಯದಲ್ಲಿ ಗೆದ್ದವಳು ನಮ್ಮಾಕಿ, ಅದೂ ತನಗೆ ಗೊತ್ತಿಲ್ಲದೆ. ನಾನು ಎಕ್ಸೆಲ್ಲಿನಲ್ಲಿ ಬಣ್ಣ ಬಣ್ಣದ್ದು ಮಾಡಿ, ಬೆಳಗಿನ ನಾಲ್ಕಕ್ಕೆ ಬೀಜಗಣಿತ ಹಾಕಿದ್ದೆ. ಹದಿನೈದರ ಹುಡುಗಿಯನ್ನು ನಾಲ್ಕಕ್ಕೆ ಎಬ್ಬಿಸುವುದು ತುಕ್ಕು ಹಿಡಿದ ನಟ್ಟು ತಿರುವಿದಂತೆ. ಅದು ಸೋಮಾರಿತನವಲ್ಲವಂತೆ. ಆ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಹಿಂದೆ ಸರಿದು ನಿದ್ದೆ ತಡವಾಗಿ ಬರುತ್ತದೆ, ದಿನಕ್ಕೆ ಎಂಟರಿಂದ ಹತ್ತು ತಾಸು ಬೇಕೂ ಬೇಕು ಎನ್ನುತ್ತಾರೆ ನಿದ್ದೆಯ ತಜ್ಞರು. ಇದನ್ನು ನಾನು ಓದಿದ್ದು ನಾಲ್ಕೂವರೆಗೆ, ಅವಳು ಏಳಲಿ ಎಂದು ಕಾಯುತ್ತ.

ನಮ್ಮಾಕಿ ನನ್ನ ಎಕ್ಸೆಲ್ ಹಾಳೆಯ ಹಿಂದೆ ಕಿರಾಣಿ ಯಾದಿ ಬರೆದು, ತಾನೊಂದು ಕಾನೂನು ಮಾಡಿದಳು. ಪಿಂಪ್ರಿ-ಚಿಂಚವಾಡದಲ್ಲಿ 2019ರ ನವೆಂಬರಿನಿಂದ ನಳಕ್ಕೆ ದಿನ ಬಿಟ್ಟು ದಿನ ನೀರು. ನೀರು ಬಂದ ದಿನ ಮನೆಯಲ್ಲಿ ಬಕೆಟ್ಟು, ಡ್ರಮ್ಮು, ಮಷಿನ್ನು ಎಲ್ಲ ಒಮ್ಮೆಲೇ ಮಾತಾಡುತ್ತವೆ. ಆ ಗದ್ದಲದಲ್ಲಿ ಹೊಸ ಪಾಠ ತಲೆಗೆ ಹೋಗುವುದಿಲ್ಲ. ಆದ್ದರಿಂದ ನೀರಿಲ್ಲದ ದಿನ ಹೊಸದು ಓದು, ನೀರಿನ ದಿನ ಪುಸ್ತಕ ಮುಚ್ಚಿಟ್ಟು ನಿನ್ನೆಯದನ್ನು ಬಾಯಿಂದ ಹೇಳು, ನಾನು ಬಟ್ಟೆ ಹಿಂಡುತ್ತ ಕೇಳುತ್ತೇನೆ. ಕೇಳಲು ಸಾದಾ ವಿಷಯ. ಆದರೆ ಹೆರ್ಮಾನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಎಷ್ಟು ತಾಸಿಗೆ ಎಷ್ಟು ಮರೆವು ಎಂದು ಲೆಕ್ಕ ಬರೆದು 1885ರಲ್ಲಿ ಪುಸ್ತಕ ತಂದ. ಒಂದೇ ಸಲ ಗುಕ್ಕು ಹಾಕುವುದಕ್ಕಿಂತ ನಡುವೆ ದಿನ ಬಿಟ್ಟು ಮತ್ತೆ ಮತ್ತೆ ಓದಿದ್ದು ಉಳಿಯುತ್ತದೆ ಎನ್ನುವುದನ್ನೂ ಅವನೇ ತೋರಿಸಿದ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಇನ್ನೊಂದು ಕಂಡರು: ಓದಿದ್ದನ್ನೇ ಓದಿದವರು ಐದು ನಿಮಿಷದ ನಂತರ ಜಾಣರು, ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡವರು ಒಂದು ವಾರದ ನಂತರ ಜಾಣರು. ಇದನ್ನೆಲ್ಲ ನಮ್ಮಾಕಿಗೆ ಓದಿ ಹೇಳಿದೆ. ‘ಅವರಿಗೂ ದಿನಾ ಬಿಟ್ಟು ದಿನಾ ನೀರೇನ?’ ಎಂದಳು.

ಇತಿಹಾಸ ನನ್ನ ಪ್ರಾಂತ್ಯ ಎಂದುಕೊಂಡಿದ್ದೆ. ಬಾದಾಮಿಯ ಸೀಮೆಯವ, ಇಮ್ಮಡಿ ಪುಲಿಕೇಶಿ ಹರ್ಷನನ್ನು ನರ್ಮದೆಯಲ್ಲಿ ತಡೆದದ್ದನ್ನು ಕೈಕಾಲು ಆಡಿಸಿ ಹೇಳಬಲ್ಲೆ. ಬೇಕಾದರೆ ಶಿವಾಜಿ ಮಹಾರಾಜರೂ ತಯಾರಿದ್ದರು. ಪುಸ್ತಕ ತೆರೆದರೆ ಮೊದಲನೆಯ ಪಾಠವೇ ಇತಿಹಾಸ ಬರೆಯುವುದು ಹೇಗೆ ಎಂಬುದು. ವಾಲ್ಟೇರ್, ಹೆಗೆಲ್, ರಾಂಕೆ, ಮಾರ್ಕ್ಸ್, ಮಿಷೆಲ್ ಫೂಕೋ. ಒಬ್ಬನ ಕೈಯಲ್ಲೂ ಕತ್ತಿಯಿಲ್ಲ. ‘ಅಪ್ಪಾ, ಫೂಕೋ ಏನಂತಾನ?’ ಎಂದು ಕೇಳಿದಳು. ನಾನು ಜೋರಾಗಿ ಕೆಮ್ಮಿದೆ. ಅದೆಲ್ಲಿಂದ ಬಂತೋ, ಮೂವತ್ತು ವರ್ಷ ಹಿಂದಿನ ಕಟ್ಟೆಯ ಮೇಲಿನ ಕೆಮ್ಮೇ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತಾನೇ ಹೇಳತೊಡಗಿದಳು. ಮಧ್ಯೆ ತೊಡರಿದಳು, ಪುಸ್ತಕ ತೆಗೆದು ನೋಡಿದಳು, ಮತ್ತೆ ಹೇಳಿದಳು. ನನಗೆ ಏನೂ ತಿಳಿಯಲಿಲ್ಲ. ‘ಇನ್ನೊಮ್ಮೆ ಹೇಳು’ ಎಂದೆ. ಇನ್ನೊಮ್ಮೆ ಹೇಳಿದಳು. ಮೂರನೇ ಸಲ ನನಗೆ ಅರ್ಧ ತಿಳಿಯಿತು, ಅವಳಿಗೆ ಪೂರ್ತಿ.

ಅಂದು ಹೊಸ ದಂಧೆ ಸಿಕ್ಕಿತು. ಮಾಸ್ತರಿಕೆ ಬಿಟ್ಟು ವಿದ್ಯಾರ್ಥಿಯಾದೆ. ದಡ್ಡತನದ ಸೋಗು ಹಾಕುವ ಕಷ್ಟವಂತೂ ನನಗೆ ಇರಲಿಲ್ಲ.

ಗಣಿತಕ್ಕೆ ಮಾತ್ರ ಸ್ವಲ್ಪ ತಯಾರಿ ಮಾಡಿದೆ, ತೀರ ಮಾನ ಹೋಗಬಾರದೆಂದು. ಅವಳದು ಇಂಗ್ಲಿಷ್ ಮಾಧ್ಯಮ, ನನ್ನ ಗಣಿತವೆಲ್ಲ ಕನ್ನಡದಲ್ಲಿ ಕೂತಿದೆ. ನಮ್ಮಾಕಿಯ ತವರು ಜತ್ತ. ಮಹಾರಾಷ್ಟ್ರದಲ್ಲಿದ್ದರೂ ಅಲ್ಲಿ, ಅಕ್ಕಲಕೋಟೆಯಲ್ಲಿ ಕನ್ನಡ ಸಾಲೆಗಳಿವೆ. ಪುಣೆಯಲ್ಲಿ 1967ರಲ್ಲಿ ಶುರುವಾದ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಇದೇ ಪುಸ್ತಕವನ್ನು ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಜತ್ತದ ಸೋದರಳಿಯನ ಪುಸ್ತಕ ಕೇಳಿದೆ. ಪುಣೆಯಲ್ಲಿ ತಯಾರಾಗಿ ಜತ್ತಕ್ಕೆ ಹೋಗಿದ್ದ ಪುಸ್ತಕ, ಎಸ್‌ಟಿ ಬಸ್ಸಿನಲ್ಲಿ ಒಂದು ಚೀಲ ಜೋಳದ ಮೇಲೆ ಕೂತು ಚಿಂಚವಾಡಕ್ಕೆ ಬಂತು. ಪುಟ ತಿರುವಿದಲ್ಲೆಲ್ಲ ಜೋಳದ ಹಿಟ್ಟಿನ ವಾಸನೆ.

ಬೀಜಗಣಿತದಲ್ಲಿ ಅರ್ಥನಿಯೋಜನೆ ಎಂದು ಒಂದು ಪಾಠ: ಜಿಎಸ್‌ಟಿ, ಶೇರು, ಮ್ಯೂಚುವಲ್ ಫಂಡು. ನನ್ನ ಎದೆ ಉಬ್ಬಿತು. ದಿನಾ ಬಿಲ್ಲು ನೋಡುವವನಿಗೆ ಜಿಎಸ್‌ಟಿಯ ಲೆಕ್ಕವೇ? ಅವಳು ಕೊಟ್ಟಳು: ಶೇ. 18 ಜಿಎಸ್‌ಟಿ ಸೇರಿ ಒಂದು ವಸ್ತುವಿನ ಬೆಲೆ 11,800 ರೂಪಾಯಿ, ತೆರಿಗೆ ಬಿಟ್ಟು ಮೂಲ ಬೆಲೆ ಎಷ್ಟು? ನಾನು ಪೆನ್ನನ್ನೂ ಮುಟ್ಟಲಿಲ್ಲ. ಮೊಬೈಲಿನಲ್ಲಿ ಹದಿನೆಂಟು ಪ್ರತಿಶತ ಒತ್ತಿದೆ, 2,124 ಬಂತು, ಕಳೆದೆ. ‘9,676. ಮುಂದಿನದು ಹೇಳು.’

ಅವಳು ಮುಂದಿನದು ಹೇಳಲಿಲ್ಲ. ಕೈಬೆರಳಲ್ಲಿ ಪೆನ್ಸಿಲು ಎರಡು ಸುತ್ತು ತಿರುಗಿತು.

‘ತೆರಿಗಿ ಯಾವುದರ ಮ್ಯಾಲ ಹಾಕ್ತಾರಪ್ಪಾ?’

‘ಬೆಲಿ ಮ್ಯಾಲ.’

‘ಯಾವ ಬೆಲಿ? ಹಾಕೂ ಮೊದಲಿನದೋ, ಹಾಕಿದ ಮ್ಯಾಲಿನದೋ?’

ನಾನು ಸುಮ್ಮನಾದೆ. ‘ನೂರು ಇದ್ದದ್ದು ನೂರಾ ಹದಿನೆಂಟು ಆಗೈತಿ. ನೀ ಏನ್ ಮಾಡಿದಿ, ತೆರಿಗಿ ಮ್ಯಾಲೂ ತೆರಿಗಿ ತಗದಿ. ಸರಕಾರಾನೂ ಅಷ್ಟು ಮಾಡಾಂಗಿಲ್ಲ.’ ಹಾಳೆಯ ಮೇಲೆ 11,800ನ್ನು 118ರಿಂದ ಭಾಗಿಸಿ ನೂರರಿಂದ ಗುಣಿಸಿದಳು. ಹತ್ತು ಸಾವಿರ. ಕೇಂದ್ರಕ್ಕೆ 900, ರಾಜ್ಯಕ್ಕೆ 900. ಅಷ್ಟಕ್ಕೇ ಬಿಡದೆ, 9,676ರ ಸುತ್ತ ಒಂದು ಗೋಲ ಹಾಕಿ ಪಕ್ಕಕ್ಕೆ ‘ಅಪ್ಪ’ ಎಂದು ಬರೆದಳು. ಆ ಹಾಳೆ ಮುಂದೆ ಎರಡು ತಿಂಗಳು ಥರ್ಮೋಕೋಲ್ ಹಲಗೆಗೆ ಚುಚ್ಚಿಕೊಂಡಿತ್ತು, ರಬ್ಬರಿನ ಖಾಲಿ ನೆರಳಿನ ಪಕ್ಕ.

ಹೀಗೆ ಗುರುವಾರ ಗುರುವಾರ ನಾನು ಹಳದಿ ಟೇಪಿನ ಹೊರಗೆ ಕುರ್ಚಿ ಹಾಕಿ ಕೂತು ಕಲಿತೆ. ಸಮರೂಪ ತ್ರಿಕೋನದಲ್ಲಿ ನಿದ್ದೆ ಹೋದದ್ದುಂಟು. ಆಗ ಅವಳು ಕೆಮ್ಮುತ್ತಿದ್ದಳು.

ಬೀಜಗಣಿತದ ಪೇಪರಿನ ಹಿಂದಿನ ದಿನ ಪವನಾ ದಂಡೆಯ ಮೋರಯಾ ಗೋಸಾವಿ ಗುಡಿಗೆ ಹಾಲ್ ಟಿಕೆಟ್ಟಿನ ಝೆರಾಕ್ಸ್ ಹಿಡಿದು ಹೋದೆ. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಝೆರಾಕ್ಸೇ. ಮರುದಿನ ಕೇಂದ್ರದ ಗೇಟಿನ ಮುಂದೆ ಅವೇ ಮುಖಗಳು. ಮೊಸರು-ಸಕ್ಕರೆ ತಿಂದ ಮಕ್ಕಳು ಒಳಗೆ, ಏನೂ ತಿನ್ನದ ತಂದೆತಾಯಿ ಹೊರಗೆ ಬಿಸಿಲಲ್ಲಿ. ಭರಾರಿ ಪಥಕದ, ಅಂದರೆ ನಕಲು ಹಿಡಿಯುವ ದಳದ, ಜೀಪು ಬಂದರೆ, ತಾವೇ ಚೀಟಿ ಇಟ್ಟುಕೊಂಡವರಂತೆ ಸರಿದು ನಿಲ್ಲುತ್ತಿದ್ದರು. ಬೀಜಗಣಿತ ನಲವತ್ತು ಅಂಕ, ಎರಡು ತಾಸು. ಮೇಲೆ ಬೋರ್ಡಿನವರು 2023ರಿಂದ ಕೊನೆಗೆ ಹತ್ತು ನಿಮಿಷ ಹೆಚ್ಚಿಗೆ ಕೊಡುತ್ತಾರೆ. ಒಳಗಿದ್ದವರಿಗೆ ಅದು ಹತ್ತೇ ನಿಮಿಷ.

ಗಂಟೆ ಹೊಡೆಯಿತು. ಗೇಟು ತೆರೆದದ್ದೇ ‘ಕಸಾ ಗೇಲಾ? ಕಸಾ ಗೇಲಾ?’ ಎಂದು ಎಲ್ಲರೂ ತಮ್ಮ ತಮ್ಮ ಮಕ್ಕಳ ಮೇಲೆ ಬಿದ್ದರು. ಒಬ್ಬರಂತೂ ಅಲ್ಲೇ ಫುಟ್‌ಪಾತಿನ ಮೇಲೆ ಪ್ರಶ್ನೆಪತ್ರಿಕೆ ಹರವಿ ಅಂಕ ಕೂಡಿಸತೊಡಗಿದರು. ಪೇಪರು ಹೇಗಾಯಿತೆಂದು ಕೇಳುವುದಿಲ್ಲವೆಂದು ನಾನು ನಮ್ಮಾಕಿಗೆ ಮಾತು ಕೊಟ್ಟು ಬಂದಿದ್ದೆ. ‘ಹಸಿವಿ ಆಗೈತೇನು?’ ಎಂದೆ. ಎದುರಿನ ಅಂಗಡಿಯಲ್ಲಿ ಮಿಸಳ ಹೇಳಿದೆ. ಅವಳು ಪಾವು ಮುರಿದು ತರ್ರಿಯಲ್ಲಿ ಅದ್ದಿದಳು, ತಿಂದಳು, ಮೂಗು ಒರೆಸಿಕೊಂಡಳು. ನಾನು ನಾಲಗೆ ಕಚ್ಚಿಕೊಂಡು ಗೋಡೆಯ ಮೇಲಿನ ದರಪಟ್ಟಿ ಓದುತ್ತಿದ್ದೆ.

‘ಕೇಳಾಂಗಿಲ್ಲೇನಪ್ಪಾ?’

‘ನೀನ ಹೇಳಿದ್ರ ಕೇಳತೀನಿ.’

‘ಜಿಎಸ್‌ಟಿ ಬಂದಿತ್ತು. ಆಯ್ಕೆ ಪ್ರಶ್ನೆದಾಗ.’ ಪ್ರಶ್ನೆಪತ್ರಿಕೆ ತೆಗೆದು ಬೆರಳಿಟ್ಟಳು. ಸಂಖ್ಯೆ ಬೇರೆ ಇತ್ತು, ಲೆಕ್ಕ ಅದೇ. ‘ಎ ಸರಿ ಉತ್ತರ. ಬಿ ನೋಡು. ಒಟ್ಟು ಬೆಲಿ ಮ್ಯಾಲ ತೆರಿಗಿ ತಗದು ಕಳದಾರ. ಅದು ನಿಂದು.’

ನೋಡಿದೆ. ನನ್ನದೇ. ಬೋರ್ಡಿನವರು ಅಚ್ಚು ಹಾಕಿಸಿದ್ದರು.

‘ನಿನ್ನ ನೋಡಿ ಪರೀಕ್ಷಾದಾಗ ನಗು ಬಂತು,’ ಎಂದಳು. ‘ಸೂಪರ್‌ವೈಜರ್ ಹತ್ರ ಬಂದು ನಿಂತ್ರು.’

ಪಾವು ಇನ್ನೆರಡು ಕೊಡು ಎಂದು ಅಂಗಡಿಯವನಿಗೆ ಕೂಗಿ ಹೇಳಿದೆ. ಬಿಲ್ಲು ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ ಜಿಎಸ್‌ಟಿ ಸೇರಿ ಎಂದಿತ್ತು. ನಾನು ಕೈಹಾಕುವುದರೊಳಗೆ ಅವಳೇ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.