ತಲಾ ಒಂದೂವರೆ ಡಾಲರ್

2005ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಸಾಫ್ಟ್‌ವೇರ್ ಸಂಸಾರಗಳ ನಡುವೆ ಇಂಥ ಲೆಕ್ಕಿಗರು ಒಬ್ಬರಾದರೂ ಸಿಗುತ್ತಿದ್ದರು. ಸಿನಿಮಾ ನೋಡುವುದು ಇವರ ಹವ್ಯಾಸವಲ್ಲ. ನೋಡಿದ್ದಕ್ಕೆ ತಲಾ ಎಷ್ಟು ಬಿತ್ತು ಎಂದು ಭಾಗಿಸುವುದು ಹವ್ಯಾಸ.

ನೆಟ್‌ಫ್ಲಿಕ್ಸ್ ಇವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆಗಿನ್ನೂ ಅದು ಟಪಾಲನ್ನೇ ನಂಬಿದ್ದ ಕಂಪನಿ. 1998ರಲ್ಲಿ ಡಿವಿಡಿಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸತೊಡಗಿ, ಮರುವರ್ಷವೇ ತಿಂಗಳ ಚಂದಾಕ್ಕೆ ಬಂದಿತ್ತು. 17 ಡಾಲರ್ 99 ಸೆಂಟ್ ಕಟ್ಟಿದರೆ ಒಂದು ಸಲಕ್ಕೆ ಮೂರು ಡಿಸ್ಕು. ಒಂದು ವಾಪಸ್ ಹೋದರೆ ಗ್ರಾಹಕರು ಆರಿಸಿಟ್ಟ ಪಟ್ಟಿಯಲ್ಲಿನ ಮುಂದಿನದು ಹೊರಡುತ್ತದೆ. ತಡವಾದರೆ ದಂಡವಿಲ್ಲ, ಅಂಚೆ ಖರ್ಚೂ ಅವರದೇ. ತಿಂಗಳಿಗೆ ಮೂರೇ ನೋಡಿದರೆ ತಲಾ ಆರು ಡಾಲರ್, ಹಗಲು ದರೋಡೆ. ಹನ್ನೆರಡು ನೋಡಿದರೆ ಒಂದೂವರೆ. ಲೆಕ್ಕಿಗರು ಹನ್ನೆರಡಕ್ಕೇ ಟೊಂಕ ಕಟ್ಟಿದರು.

ಕೆಂಪು ಲಕೋಟೆ ಬಂದರೆ ಮಕ್ಕಳು ಮುಟ್ಟುವಂತಿಲ್ಲ. ಅದೇ ಲಕೋಟೆಯಲ್ಲಿ ಡಿಸ್ಕು ಹಿಂದಿರುಗಬೇಕಲ್ಲ, ಮೇಲಿನ ಕಾಗದದ ಪಟ್ಟಿಯನ್ನು ಇವರೇ ಉಗುರಿನಿಂದ ನಾಜೂಕಾಗಿ ಕೀಳುತ್ತಿದ್ದರು. ನಾಳೆ ಪೋಸ್ಟ್‌ಮ್ಯಾನ್ ಬರುವಷ್ಟರಲ್ಲಿ ಅದು ಅಂಚೆಪೆಟ್ಟಿಗೆಯಲ್ಲಿರಬೇಕು, ಅಂದರೆ ಸಿನಿಮಾ ಇವತ್ತೇ ಮುಗಿಯಬೇಕು. ‘ಲಗಾನ್’ ಬಂದ ರಾತ್ರಿ ಹೆಂಡತಿ ಆಕಳಿಸಿದರು.

“ರೀ, ನಿದ್ದೆ ಬರ್ತಿದೆ. ಉಳಿದದ್ದು ನಾಳೆ ನೋಡೋಣ.”

“ನಾಳೆ ಶನಿವಾರ ಕಣೇ. ಕಳಿಸದೇ ಇದ್ರೆ ಸೋಮವಾರದವರೆಗೂ ಇಲ್ಲೇ ಕೂತಿರತ್ತೆ. ಇನ್ನೇನು, ಮ್ಯಾಚ್ ಒಂದೇ ಬಾಕಿ!”

ಆ ಮ್ಯಾಚ್ ಎಷ್ಟು ಹೊತ್ತು ನಡೆಯುತ್ತದೆಂದು ಚಿತ್ರ ನೋಡಿದವರಿಗೆ ಗೊತ್ತು.

ಆದರೆ ಕಂಪನಿಗೂ ಭಾಗಾಕಾರ ಬರುತ್ತಿತ್ತು. ಬೇಗ ಬೇಗ ನೋಡಿ ಕಳಿಸುವವರಿಂದ ಅದಕ್ಕೆ ಅಂಚೆ ವೆಚ್ಚವೇ ಹೊರೆ. ಡಿಸ್ಕು ಕಳಿಸುವಾಗ ಕಡಿಮೆ ನೋಡುವವರಿಗೇ ಆದ್ಯತೆ ಕೊಡುತ್ತೇವೆ ಎಂದು 2005ರಲ್ಲಿ ಅದು ತನ್ನ ನಿಯಮಗಳಲ್ಲೇ ಬರೆದುಕೊಂಡಿತು. ಅದಕ್ಕೂ ಮೊದಲೇ ಇದೇ ವಿಷಯಕ್ಕೆ ಒಬ್ಬ ಗ್ರಾಹಕ ಕೋರ್ಟಿಗೆ ಹೋಗಿದ್ದ. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಲೆಕ್ಕಿಗರಿಗೆ ಕೋಪ ಬರಬೇಕಿತ್ತು, ಬಂದದ್ದು ಹೆಮ್ಮೆ. ‘ನಮ್ಮಿಂದ ಅವರಿಗೆ ಲಾಸು’ ಎಂದು ಪಾಟ್‌ಲಕ್ ಊಟಗಳಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಹೇಳುತ್ತಿದ್ದರು. ಯಾವ ಚಿತ್ರ ಚೆನ್ನಾಗಿತ್ತು ಎಂದು ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತಿದ್ದರು. ಅವರ ಎಕ್ಸೆಲ್ ಹಾಳೆಯಲ್ಲಿ ಆ ಕಾಲಂ ಇರಲಿಲ್ಲ.

ಇಷ್ಟಾದರೂ ಒಂದು ಡಿಸ್ಕು ಸೋಲಿಸಿತು. ವಿದ್ಯಾವಂತರು ನೋಡಲೇಬೇಕೆಂದು ತರಿಸಿದ್ದ ‘ಷಿಂಡ್ಲರ್ಸ್ ಲಿಸ್ಟ್’ ಟಿವಿ ಮೇಲೆ ವಾರಗಟ್ಟಲೆ ಕೂತಿತು. ಶುಕ್ರವಾರ ದಣಿವು, ಶನಿವಾರ ನೆಂಟರು, ಭಾನುವಾರ ಅಳುವ ಮನಸ್ಸಿಲ್ಲ. ನೋಡದೆ ಕಳಿಸಿದರೆ ನಷ್ಟ, ಇಟ್ಟುಕೊಂಡರೆ ಇನ್ನೂ ನಷ್ಟ.

2011ರಲ್ಲಿ ದೊಡ್ಡ ಪೆಟ್ಟೇ ಬಿತ್ತು. ಒಂದು ಡಿಸ್ಕು ಮತ್ತು ಸ್ಟ್ರೀಮಿಂಗ್ ಸೇರಿ 9.99 ಡಾಲರ್ ಇದ್ದದ್ದನ್ನು ಬೇರೆ ಬೇರೆ ಮಾಡಿ, ಎರಡೂ ಬೇಕಾದರೆ 15.98 ಎಂದರು. ಡಿವಿಡಿ ವಿಭಾಗಕ್ಕೆ ಕ್ವಿಕ್‌ಸ್ಟರ್ ಎಂದು ಹೆಸರಿಡಲು ಹೊರಟು, ತಿಂಗಳೊಳಗೆ ಕೈಬಿಟ್ಟರು. ಲಕ್ಷಗಟ್ಟಲೆ ಗ್ರಾಹಕರು ಚಂದಾ ಬಿಟ್ಟರು. ನಮ್ಮವರು ಬಿಡಲಿಲ್ಲ, ಪಟ್ಟಿಯಲ್ಲಿ ಇನ್ನೂ ಇನ್ನೂರು ಚಿತ್ರಗಳಿದ್ದವು.

2023ರ ಸೆಪ್ಟೆಂಬರ್ 29ರಂದು ಕೊನೆಯ ಲಕೋಟೆಗಳು ಹೊರಟವು. ಕೈಯಲ್ಲಿರುವ ಡಿಸ್ಕು ನಿಮ್ಮದೇ, ವಾಪಸ್ ಬೇಡ ಎಂದಿತು ಕಂಪನಿ. ಪುಕ್ಕಟೆ! ಲೆಕ್ಕಿಗರು ಮನೆಯೆಲ್ಲ ಸಂಭ್ರಮದಿಂದ ಓಡಾಡಿ ಡಿಸ್ಕನ್ನು ಮಗಳ ಕೈಗಿಟ್ಟರು. ಅವಳು ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದಳು. “ಅಪ್ಪಾ, ಇದನ್ನ ಎಲ್ಲಿ ಹಾಕೋದು?”